ಬಿಳಿಯ ರೇಷ್ಮೆಕೋಳಿ: ಗರಿಯ ಬಣ್ಣದ ಆನುವಂಶಿಕತೆ

ಕೋಳಿಯ ತಳಿಗಳಲ್ಲಿ ಚೀನಾದ ರೇಷ್ಮೆಕೋಳಿಯಷ್ಟು ವಿಚಿತ್ರವಾದುದು ಮತ್ತೊಂದಿಲ್ಲವೆನ್ನಬಹುದು. ಸಿಲ್ಕೀ ಎಂದು ಇಂಗ್ಲಿಷರು ಕರೆಯುವ ಈ ಹಕ್ಕಿಯ ಗರಿಯಲ್ಲಿ ಎಳೆ ಎಳೆಯನ್ನು ಹೆಣೆದು ಹಿಡಿಯುವ ಸೂಕ್ಷ್ಮ ಕೊಕ್ಕೆಗಳಿಲ್ಲ. ಆದುದರಿಂದ ಮೈಯೆಲ್ಲ ಹಿಂಜಿದ ಅರಳೆಯಂತೆ ಕಾಣುತ್ತದೆ. ಕಾಲಿಗೆ ಐದು ಬೆರಳು, ತಲೆಯ ಮೇಲೆ ಜುಟ್ಟು. ಹದಿಮೂರನೆಯ ಶತಮಾನದಲ್ಲಿಯೇ ಮಾರ್ಕೊ ಪೋಲೊ, ಬೆಕ್ಕಿನಂಥ ತುಪ್ಪಳವುಳ್ಳ ಕರಿಯ ಕೋಳಿಗಳು ಚೀನಾದಲ್ಲಿವೆಯೆಂದು ಹೇಳಿದ್ದಾನೆ. ಇವುಗಳಲ್ಲಿ ಜಿಯಾಂಗ್‌ಷಿ ಪ್ರಾಂತದ ತೈಹೆ ಸೀಮೆಯ ಬಿಳಿಯ ಕೋಳಿ ಹೆಸರಾದುದು. ಗರಿ ಹಾಲಿನಂತೆ ಬಿಳುಪು. ಅದನ್ನು ಸರಿಸಿ ನೋಡಿದರೆ ಚರ್ಮ ನೀಲಿಗಪ್ಪು. ಕೊಯ್ದು ನೋಡಿದರೆ ಎಲುಬಿನ ಮೇಲ್ಪೊರೆಯವರೆಗೂ ಕಪ್ಪು. ಒಂದೇ ಪ್ರಾಣಿಯಲ್ಲಿ ಬಣ್ಣ ಅತಿಯಾಗಿಯೂ ಇದೆ, ಇಲ್ಲದೆಯೂ ಇದೆ.

ಒಳಗಿನ ಕಪ್ಪನ್ನು ಮೊದಲು ನೋಡೋಣ. ಕೋಳಿಯ ಭ್ರೂಣದಲ್ಲಿ ಬಣ್ಣದ ಕಣಗಳು ಸಾಧಾರಣವಾಗಿ ಚರ್ಮದ ಕೆಳಗೆ ಸಾಗಿ ಗರಿಯ ಬುಡಗಳನ್ನು ಸೇರುತ್ತವೆ. ರೇಷ್ಮೆಕೋಳಿಯಲ್ಲಿಯೋ ಅವು ಹೆಚ್ಚಾಗಿ ಹುಟ್ಟುತ್ತವೆ, ಹೋಗಬಾರದ ಒಳದಾರಿಗಳಲ್ಲಿಯೂ ನುಗ್ಗುತ್ತವೆ. ಇಪ್ಪತ್ತನೆಯ ವರ್ಣತಂತುವಿನ ಒಂದು ಭಾಗ ಇಮ್ಮಡಿಯಾಗಿರುವುದೇ ಇದಕ್ಕೆ ಕಾರಣವೆಂದು 2011ರಲ್ಲಿ ತಿಳಿದುಬಂದಿತು. ನಮ್ಮ ಮಧ್ಯಪ್ರದೇಶದ ಝಾಬುವಾ ಸೀಮೆಯ ಕಡಕ್‌ನಾಥ್ ಕೋಳಿಯ ಕಪ್ಪೂ ಇದೇ ಬಗೆಯದು. ಇದಲ್ಲದೆ ಚರ್ಮದ ಕಪ್ಪನ್ನು ತಡೆಯುವ ಮತ್ತೊಂದು ಜೀನು ಲಿಂಗತಂತುವಿನ ಮೇಲಿದೆ. ರೇಷ್ಮೆಕೋಳಿಯಲ್ಲಿ ಆ ತಡೆಯಿಲ್ಲ. ಕೇಂಬ್ರಿಜ್ಜಿನ ಬೇಟ್ಸನ್ ಮತ್ತು ಪನೆಟ್ ಎಂಬ ಪಂಡಿತರು 1911ರಲ್ಲಿ ಇದನ್ನು ವಿವರಿಸಿದರು. ರೇಷ್ಮೆ ಹುಂಜವನ್ನು ಕಂದು ಲೆಗ್‌ಹಾರ್ನ್ ಹೇಂಟೆಯೊಡನೆ ಕೂಡಿಸಿದರೆ ಹೆಣ್ಣುಮರಿಗಳ ಮೈ ಕಪ್ಪಾಗುತ್ತದೆ, ಗಂಡುಮರಿಗಳಲ್ಲಿ ಕಪ್ಪು ಅತ್ಯಲ್ಪ. ಕೋಳಿಗಳಲ್ಲಿ ಹೆಣ್ಣು ತನ್ನ ಒಂದೇ ಒಂದು ಜ಼ೆಡ್ ತಂತುವನ್ನು ತಂದೆಯಿಂದ ಪಡೆಯುತ್ತದೆಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರದು.

ಇನ್ನು ಗರಿಯ ಬಿಳುಪು. ಇದು ಹೊಸ ಬಣ್ಣವಲ್ಲ, ಬಣ್ಣದ ಅಭಾವ. ಮೆಲನಿನ್ ತಯಾರಾಗಲು ಟೈರೊಸಿನೇಸ್ ಎಂಬ ಕಿಣ್ವ ಬೇಕು. ಅದರ ಜೀನಿನ ನಡುವೆ ಯಾವುದೋ ಹಳೆಯ ವೈರಸ್ಸಿನ ತುಣುಕೊಂದು ಸೇರಿಕೊಂಡು ಕೆಲಸ ಕೆಡಿಸಿದೆಯೆಂಬುದು 2006ರ ಸಂಶೋಧನೆ. ಕೆಟ್ಟರೂ ಪೂರ್ತಿ ಕೆಟ್ಟಿಲ್ಲ: ಗರಿ ಬೆಳ್ಳಗಾದರೂ ಕಣ್ಣು, ಚರ್ಮ ಬಣ್ಣ ಕಳೆದುಕೊಳ್ಳುವುದಿಲ್ಲ. ಆದುದರಿಂದ ಬಿಳಿಯ ರೇಷ್ಮೆಕೋಳಿಯನ್ನು ಕೆಂಗಣ್ಣಿನ ಬಿಳಿಚುಪ್ರಾಣಿಗಳ ಸಾಲಿಗೆ ಸೇರಿಸುವುದು ಸರಿಯಲ್ಲ. ಈ ಬಿಳುಪು ಅಡಗುವ ಗುಣ. ತಾಯಿತಂದೆಗಳಿಬ್ಬರಿಂದಲೂ ಬಂದಾಗಲೇ ಮೇಲೆ ಕಾಣುತ್ತದೆ. ಗೋಡೆಯ ಚಿತ್ರದ ಮೇಲೆ ಸುಣ್ಣ ಬಳಿದಂತೆ, ಕೆಳಗೆ ಕಪ್ಪೋ ಕಂದೋ ಇದ್ದೇ ಇರುತ್ತದೆ.

ತೊಡಕು ಹುಟ್ಟುವುದು ಇಲ್ಲಿಯೇ. ಲೆಗ್‌ಹಾರ್ನ್ ಕೋಳಿಯೂ ಬಿಳುಪು, ಆದರೆ ಅದರ ಬಿಳುಪು ಬೇರೊಂದು ಜೀನಿನದು, ಪ್ರಬಲವಾದುದು. ಶುದ್ಧ ಲೆಗ್‌ಹಾರ್ನನ್ನೂ ಬಿಳಿಯ ರೇಷ್ಮೆಕೋಳಿಯನ್ನೂ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಮರಿಗಳೆಲ್ಲ ಬಿಳುಪೇ, ಹೆಚ್ಚೆಂದರೆ ಅಲ್ಲೊಂದು ಇಲ್ಲೊಂದು ಕರಿಯ ಚುಕ್ಕೆ. ಸಾಕಿದವನು ಸಂತೋಷಪಡುತ್ತಾನೆ. ಆ ಮರಿಗಳನ್ನೇ ತಮ್ಮತಮ್ಮೊಳಗೆ ಕೂಡಿಸಿದಾಗ ಹದಿನಾರಕ್ಕೆ ಮೂರರ ಲೆಕ್ಕದಲ್ಲಿ ಬಣ್ಣದ ಮರಿಗಳು ಒಡೆದುಬರುತ್ತವೆ. ಆಗ ನೆರೆಮನೆಯ ಹುಂಜದ ಮೇಲೆ ಸಂಶಯ, ಕೋಳಿ ಮಾರಿದವನ ಮೇಲೆ ಮೋಸದ ಆರೋಪ. ಎರಡು ಕರಿಯ ಕೋಳಿಗಳಿಗೆ ಬಿಳಿಯ ಮರಿ ಹುಟ್ಟಿದಾಗಲೂ ಇದೇ ಕಥೆ. ಎರಡರಲ್ಲಿಯೂ ಬಿಳುಪು ಅಡಗಿದ್ದರೆ ನಾಲ್ಕರಲ್ಲೊಂದು ಮರಿ ಬಿಳುಪಾಗುವುದು ಸಹಜ. ಪಾಪ, ಮಾರಿದವನು ಎಷ್ಟೋ ವೇಳೆ ನಿರಪರಾಧಿ.

ಜಗಳಕ್ಕೆ ಬದಲು ಪರೀಕ್ಷೆ ಮಾಡಬಹುದು. ಬಿಳುಪು ಯಾವ ಬಗೆಯದೆಂದು ತಿಳಿಯಬೇಕಾದರೆ ಆ ಕೋಳಿಯನ್ನು ಅಡಗಿದ ಬಿಳುಪಿಲ್ಲದ ಶುದ್ಧ ಕರಿಯ ಕೋಳಿಯೊಡನೆ ಕೂಡಿಸತಕ್ಕದ್ದು. ಮರಿಗಳೆಲ್ಲ ಬಣ್ಣದವಾದರೆ ಅದು ಅಡಗುವ ಬಿಳುಪು. ಎಲ್ಲ ಬಿಳುಪಾದರೆ, ಇಲ್ಲವೆ ಸುಮಾರು ಅರ್ಧ ಬಿಳುಪು ಅರ್ಧ ಬಣ್ಣವಾದರೆ, ಪ್ರಬಲವಾದ ಬಿಳುಪು ಬೆರೆತಿದೆ. ಕರಿಯ ರೇಷ್ಮೆಕೋಳಿಯೊಂದರಲ್ಲಿ ಬಿಳುಪು ಅಡಗಿದೆಯೋ ಇಲ್ಲವೋ ಎಂಬ ಸಂದೇಹವಿದ್ದರೆ ಅದನ್ನು ಬಿಳಿಯ ರೇಷ್ಮೆಕೋಳಿಯೊಡನೆಯೇ ಕೂಡಿಸಬೇಕು. ಒಂದೇ ಒಂದು ಬಿಳಿಯ ಮರಿ ಬಂದರೂ ತೀರ್ಮಾನವಾದಂತೆ. ಬಾರದಿದ್ದರೆ ಎಷ್ಟು ಮರಿಗಳನ್ನು ನೋಡಬೇಕು? ಬಿಳುಪು ಅಡಗಿದ್ದೂ ಮರಿ ಬಣ್ಣದ್ದಾಗಿ ಹುಟ್ಟುವ ಸಂಭವ ಪ್ರತಿಸಲವೂ ಅರ್ಧ. ಹೀಗೆ ಏಳು ಮರಿಗಳೂ ಬಣ್ಣದವೇ ಆಗುವ ಸಂಭವ 128ರಲ್ಲಿ ಒಂದು. ಎರಡು ಮೂರು ಮರಿ ನೋಡಿ ಕೋಳಿ ಶುದ್ಧವೆಂದು ಹೇಳಿಬಿಡುವವರೇ ಹೆಚ್ಚು. ಏಳರವರೆಗೆ ಕಾಯುವುದು ಲೇಸೆಂದು ನಮ್ಮ ಅಭಿಪ್ರಾಯ.