ಸೇನೆ ತೆರವು ಮಾಡಿದ ಕಟ್ಟಡದಲ್ಲಿ ವಿದ್ಯೆಯ ನೆಲೆ

ವಿದ್ಯಾಸಂಸ್ಥೆಯೆಂದೊಡನೆ ಅದಕ್ಕೆಂದೇ ಕಟ್ಟಿದ ಭವ್ಯ ಸೌಧವನ್ನು ನಾವು ಕಲ್ಪಿಸಿಕೊಳ್ಳುತ್ತೇವೆ. ಆದರೆ ಚರಿತ್ರೆ ಹಲವೊಮ್ಮೆ ಬೇರೆಯ ಮಾತನ್ನೇ ಹೇಳುತ್ತದೆ. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿಗೆ ನೆಲೆಯಾದುದು ದಕ್ಷಿಣ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿದ್ದ ಕಟ್ಟಡ. ಸೇನೆ ಬಿಟ್ಟುಹೋದ ಕಟ್ಟಡವೂ ಹೀಗೆಯೇ ವಿದ್ಯೆಗೆ ಒದಗಿಬಂದುದಕ್ಕೆ ಬಂಗಾಳದ ಖರಗಪುರದ ಬಳಿಯ ಹಿಜಲಿಯು ಉತ್ತಮ ನಿದರ್ಶನವಾಗಿದೆ.

1930ರಲ್ಲಿ ಬ್ರಿಟಿಷ್ ಸರಕಾರ ಅಲ್ಲಿ ರಾಜಕೀಯ ಬಂದಿಗಳ ಶಿಬಿರವನ್ನು ತೆರೆಯಿತು. 1931ರ ಸೆಪ್ಟೆಂಬರ್ 16ರಂದು ಪಹರೆಯವರು ಹಾರಿಸಿದ ಗುಂಡಿಗೆ ಸಂತೋಷಕುಮಾರ ಮಿತ್ರ, ತಾರಕೇಶ್ವರ ಸೇನಗುಪ್ತ ಎಂಬ ಇಬ್ಬರು ನಿರಾಯುಧ ಬಂದಿಗಳು ಬಲಿಯಾದರು. 1942ರಲ್ಲಿ ಶಿಬಿರ ಮುಚ್ಚಿತು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ 20ನೆಯ ಬಾಂಬರ್ ದಳ ಅದನ್ನು ತನ್ನ ಕೇಂದ್ರವಾಗಿಸಿಕೊಂಡಿತು. ಯುದ್ಧ ಮುಗಿದು ದಳ ಹೊರಟುಹೋದ ಮೇಲೆ ಕಟ್ಟಡ ಬರಿದಾಗಿ ಉಳಿಯಿತು.

1950ರ ಮೇ ತಿಂಗಳಲ್ಲಿ ಕಲ್ಕತ್ತೆಯಲ್ಲಿ ಕಣ್ದೆರೆದ ಭಾರತೀಯ ತಂತ್ರಜ್ಞಾನ ಸಂಸ್ಥೆ ಸೆಪ್ಟೆಂಬರಿನಲ್ಲಿ ಹಿಜಲಿಗೆ ಬಂದಿತು. 1951ರ ಆಗಸ್ಟ್ 18ರಂದು ಮೌಲಾನಾ ಅಬುಲ್ ಕಲಾಂ ಆಜಾದರು ಅದನ್ನು ಉದ್ಘಾಟಿಸಿದರು. 224 ವಿದ್ಯಾರ್ಥಿಗಳು, 42 ಅಧ್ಯಾಪಕರು ಇದ್ದ ಆ ಮೊದಲ ವರ್ಷದಲ್ಲಿ ತರಗತಿ, ಪ್ರಯೋಗಾಲಯ, ಆಡಳಿತ ಕಚೇರಿ ಮೂರೂ ಹಳೆಯ ಶಿಬಿರದಲ್ಲಿಯೇ ನಡೆದುವು.

ಇದು ಸಾಧ್ಯವಾದುದೇಕೆಂದು ವಿಚಾರಿಸಬೇಕು. ನೂರಾರು ಜನರನ್ನು ಒಂದೆಡೆ ಇರಿಸಲು ಕಟ್ಟಿದ ನೆಲೆಯಲ್ಲಿ ಉದ್ದನೆಯ ಕೋಣೆಗಳು, ಅಡಿಗೆಮನೆ, ನೀರಿನ ಏರ್ಪಾಡು, ದಾರಿ, ಸುತ್ತ ತೆರೆದ ನೆಲ ಇವು ಇರಲೇಬೇಕು. ಹೊಸ ಕಾಲೇಜಿಗೆ ಮೊದಲ ವರ್ಷಗಳಲ್ಲಿ ದೊರೆಯದುದೂ ಇವೇ. ಉದ್ದನೆಯ ಕೋಣೆಗೆ ಅಡ್ಡಗೋಡೆ ಇಟ್ಟರೆ ತರಗತಿಗಳಾಗುತ್ತವೆ. ಗ್ರಂಥಾಲಯಕ್ಕೆ ಬೇಕಾದ ತೇವರಹಿತ ಗೋಡೆ, ಪ್ರಯೋಗಾಲಯಕ್ಕೆ ಬೇಕಾದ ವಿದ್ಯುತ್ತು ಹಾಗೂ ಚರಂಡಿ ಮಾತ್ರ ಅಷ್ಟು ಸುಲಭವಾಗಿ ಒದಗುವುದಿಲ್ಲ. ವೆಚ್ಚದ ಲೆಕ್ಕ ಅಲ್ಲಿಂದಲೇ ಆರಂಭವಾಗಬೇಕು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಗೋಡೆಗೆ ಸುಣ್ಣ ಬಳಿಯುವಾಗ ಅದರ ನೆನಪನ್ನೂ ಅಳಿಸಿಬಿಡುವುದು ಸುಲಭ. ಹಿಜಲಿಯಲ್ಲಿ ಹಾಗಾಗಲಿಲ್ಲ. ಹೊಸ ಮುಖ್ಯ ಕಟ್ಟಡ ಎದ್ದ ಮೇಲೂ ಹಳೆಯದನ್ನು ಕೆಡವದೆ, ಹುತಾತ್ಮರ ಸ್ಮರಣೆಗಾಗಿ ಹಿಜಲಿ ಶಹೀದ್ ಭವನವೆಂದು ಕರೆದರು. 1990ರಲ್ಲಿ ಅಲ್ಲಿ ನೆಹರೂ ವಿಜ್ಞಾನ ಮತ್ತು ತಂತ್ರಜ್ಞಾನ ವಸ್ತುಸಂಗ್ರಹಾಲಯ ತೆರೆಯಿತು. ಶಾಸನವನ್ನು ಓದುವಂತೆ ಕಟ್ಟಡವನ್ನೂ ಓದಬಹುದು. ಹಳೆಯ ಗೋಡೆಗಳ ನಡುವೆ ಪಾಠ ಹೇಳುವ ನಾವು, ಅವು ಹಿಂದೆ ಯಾರನ್ನು ಹಿಡಿದಿಟ್ಟಿದ್ದುವೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದೂ ಪಾಠದ ಒಂದು ಭಾಗವೇ ಸರಿ.