ಹೂಮಳೆ ತಪ್ಪಿದಾಗ: ಸಣ್ಣ ಕಾಫಿ ಬೆಳೆಗಾರರು ಮತ್ತು ಊರಿನ ನೀರು

ಮಲೆನಾಡಿನ ಗ್ರಾಮ ಪಂಚಾಯಿತಿಗಳ ಬೇಸಿಗೆಯ ಸಭೆಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ: ಮೇಲಿನ ತೋಟದವರು ಹಳ್ಳಕ್ಕೆ ಪಂಪು ಇಟ್ಟಿದ್ದಾರೆ, ಕೆಳಗಿನ ಊರಿಗೆ ನೀರು ಬರುತ್ತಿಲ್ಲ. ಇದನ್ನು ನೆರೆಹೊರೆಯ ಜಗಳವೆಂದು ಬದಿಗಿರಿಸುವ ಮುನ್ನ ಅದರ ಹಿಂದಿನ ಕಾರಣವನ್ನು ಮಾನ್ಯ ಸದಸ್ಯರು ಅರಿತಿರುವುದು ಅವಶ್ಯ.

ಕಾಫಿ ಗಿಡಕ್ಕೆ ವರ್ಷದ ಒಟ್ಟು ಮಳೆಯಷ್ಟೇ ಮಳೆ ಬೀಳುವ ಸಮಯವೂ ಮುಖ್ಯ. ಬೇಸಿಗೆಯ ಒಣಹವೆಯಲ್ಲಿ ಮೊಗ್ಗು ಸುಪ್ತಾವಸ್ಥೆಯಲ್ಲಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಒಂದು ಇಂಚಿನಷ್ಟು ಮಳೆಯಾದರೆ ವಾರ, ಹತ್ತು ದಿನಗಳಲ್ಲಿ ಇಡೀ ತೋಟ ಒಮ್ಮೆಗೇ ಅರಳುತ್ತದೆ. ಇದೇ ಹೂಮಳೆ. ಎರಡು ಮೂರು ವಾರಗಳ ಬಳಿಕ ಬೇಕಾಗುವ ಇನ್ನೊಂದು ಮಳೆಯನ್ನು ಬೆಳೆಗಾರರು ‘ಬ್ಯಾಕಿಂಗ್ ಮಳೆ’ ಎನ್ನುತ್ತಾರೆ. ಕಾಯಿ ನಿಲ್ಲುವುದು ಅದರಿಂದ. ಹೂಮಳೆ ಅರೆಬರೆಯಾದರೆ ಮೊಗ್ಗು ಸರಿಯಾಗಿ ಅರಳದು. ಅರಳಿದ ದಿನವೇ ಮಳೆ ಸುರಿದರೆ ಪರಾಗಸ್ಪರ್ಶ ಕೆಡುತ್ತದೆ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದ್ದರಿಂದ ಅದಕ್ಕೆ ಪೆಟ್ಟು ಹೆಚ್ಚು.

ಈ ವೇಳಾಪಟ್ಟಿಯೇ ಈಗ ಸಡಿಲಗೊಂಡಿದೆ. 2019ರ ಆಗಸ್ಟ್‌ನ ಅತಿವೃಷ್ಟಿಯಲ್ಲಿ ಮೂಡಿಗೆರೆ ಭಾಗದ ಗುಡ್ಡಗಳು ಕುಸಿದುದು ಎಲ್ಲರ ನೆನಪಿನಲ್ಲಿದೆ. 2021ರ ಜನವರಿಯಲ್ಲಿ, ಹಣ್ಣು ಕಣದಲ್ಲಿ ಒಣಗಬೇಕಾದ ದಿನಗಳಲ್ಲಿಯೇ ಮಳೆ ಬಂದಿತು. ಬಿಸಿಲು ಏರಿ ನೆರಳು ತೆಳುವಾದ ಕಡೆ ಅರೇಬಿಕಾ ಗಿಡವನ್ನು ಬಿಳಿ ಕಾಂಡಕೊರಕ ಹಿಡಿಯುತ್ತದೆ. ಮಳೆ ಬಿಡದೆ ಸುರಿದರೆ ಕೊಳೆರೋಗ. (ಆ ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲಿಯೂ ನಮ್ಮ ‘ಕೊಳೆರೋಗ’ವೇ ಸೇರಿಕೊಂಡಿದೆ!)

ಬೆಳೆಗಾರರು ಸುಮ್ಮನೆ ಕುಳಿತಿಲ್ಲ. ಹಲವರು ಅರೇಬಿಕಾ ಕಿತ್ತು ರೊಬಸ್ಟಾ ನೆಟ್ಟಿದ್ದಾರೆ. ದರಗು ಹೊದಿಸಿ ತೇವ ಕಾಯುತ್ತಾರೆ. ಸಿಲ್ವರ್ ಓಕ್ ನಡುವೆ ಮತ್ತೆ ಅತ್ತಿ, ಹಲಸು, ಹಾಲುವಾಣ ಬೆಳೆಸುವವರೂ ಇದ್ದಾರೆ. ಆದರೆ ಹೂಮಳೆಗೆ ಬದಲಿಯಾಗಿ ಇರುವುದು ಸ್ಪ್ರಿಂಕ್ಲರ್ ಒಂದೇ, ಮತ್ತು ಅದರ ಲೆಕ್ಕ ದೊಡ್ಡದು. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1 ಲಕ್ಷ ಲೀಟರ್. ಜಲ ಜೀವನ್ ಮಿಷನ್ ಮಾನದಂಡದಂತೆ ತಲಾ ದಿನಕ್ಕೆ 55 ಲೀಟರ್ ಹಿಡಿದರೆ, ಅದು 300 ಜನರ ಊರಿಗೆ ಆರು ದಿನಗಳ ನೀರು. ಹಳ್ಳ ಅತ್ಯಂತ ಸೊರಗಿರುವ ಮಾರ್ಚ್ ತಿಂಗಳಲ್ಲಿಯೇ ಎರಡೂ ಕಡೆಯವರಿಗೆ ಅದು ಬೇಕು.

ದೊಡ್ಡ ತೋಟಗಳಿಗೆ ಸ್ವಂತ ಕೆರೆಗಳಿವೆ. ಮೂರು ಎಕರೆಯ ಬೆಳೆಗಾರನು ಬಾಡಿಗೆ ಪಂಪು ತಂದು ಹಳ್ಳಕ್ಕೇ ಇಳಿಯಬೇಕು. ಇಲ್ಲಿ ಪದದ ಗೊಂದಲವೊಂದಿದೆ: ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರ್‌ವರೆಗಿನವರು ಸಣ್ಣ ಬೆಳೆಗಾರರು, ಆದರೆ ಕೃಷಿ ಗಣತಿಯಲ್ಲಿ ಸಣ್ಣ ರೈತರೆಂದರೆ 2 ಹೆಕ್ಟೇರ್‌ವರೆಗಿನವರು. ಫಲಾನುಭವಿಗಳನ್ನು ಆಯ್ಕೆ ಮಾಡುವಾಗ ಇವೆರಡನ್ನೂ ಒಂದೆಂದು ಭಾವಿಸಿದರೆ ನಿಜವಾಗಿ ನೀರಿಲ್ಲದವನು ಪಟ್ಟಿಯ ಕೊನೆಗೆ ಸರಿಯುತ್ತಾನೆ.

ಮಳೆಗಾಲದಲ್ಲಿ ಹರಿದುಹೋಗುವ ನೀರನ್ನು ಹಿಡಿದಿಡುವುದೇ ದಾರಿ. ಆದರೆ 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡದಲ್ಲಿ 3 ಲಕ್ಷ ಲೀಟರ್ ಮೀರಿ ನಿಲ್ಲದು. ಇಳಿಜಾರು ಬದಿ, ಇಂಗುವಿಕೆ, ಆವಿ ಕಳೆದರೆ ಒಂದೆರಡು ಎಕರೆಗೆ ಒಮ್ಮೆ ಹಾಯಿಸಬಹುದು, ಅಷ್ಟೆ. ಆದ್ದರಿಂದ ಬಿಡಿ ಹೊಂಡಗಳ ಜೊತೆಗೆ ಊರಕೆರೆಯ ಹೂಳೆತ್ತುವುದನ್ನೂ, ಮಾರ್ಚ್‌ನಲ್ಲಿ ಹಳ್ಳಕ್ಕೆ ಪಂಪು ಇಡುವ ಸರದಿಯನ್ನೂ ಗ್ರಾಮಸಭೆಯಲ್ಲಿ ಮೊದಲೇ ಚರ್ಚಿಸುವುದು ಸೂಕ್ತ. ಮೊಗ್ಗು ಬಾಡುತ್ತಿರುವ ವಾರದಲ್ಲಿ ಸರದಿಯ ಮಾತು ಯಾರ ಕಿವಿಗೂ ಬೀಳದು.

ಮಳೆಯ ದಾಖಲೆಯ ಬಗ್ಗೆಯೂ ಗಮನವಿರಲಿ. ವಿಪತ್ತು ಪರಿಹಾರದ ಮಾನದಂಡದಂತೆ ಬೆಳೆನಷ್ಟ ಶೇ. 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಕುಸಿದ ಗುಡ್ಡ ಸಮೀಕ್ಷಕರ ಕಣ್ಣಿಗೆ ಬೀಳುತ್ತದೆ, ಅರಳದ ಹೂವು ಬೀಳುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆದರೆ ಗುಡ್ಡದ ಈಚೆ ಸುರಿದ ಮಳೆ ಆಚೆ ಸುರಿದಿರಬೇಕೆಂದಿಲ್ಲ. ಹಳೆಯ ತೋಟಗಳಲ್ಲಿ ಇಂಚು, ಸೆಂಟುಗಳಲ್ಲಿ ದಿನವಹಿ ಮಳೆ ಬರೆದಿಡುವ ರೂಢಿ ಇದೆ. ಪ್ರತಿ ವಾರ್ಡಿನಲ್ಲಿ ಒಬ್ಬ ಸಣ್ಣ ಬೆಳೆಗಾರರ ಅಂಗಳದಲ್ಲಿಯೂ ಒಂದು ಮಾಪಕ, ಒಂದು ಪುಸ್ತಕ ಇರುವಂತೆ ಸದಸ್ಯರು ನೋಡಿಕೊಳ್ಳಬಹುದು.