ಕಾಣದ ಹಿಮ, ಕಂಡ ಮಳೆ: ಮಲೆನಾಡಿನ ಮಕ್ಕಳ ವರ್ಣನಾ ಬರವಣಿಗೆ ಮತ್ತು ಧ್ರುವಪ್ರದೇಶದ ಛಾಯಾಚಿತ್ರಗಳು

ಶಿಷ್ಟ ಕಾವ್ಯಪರಂಪರೆಯು ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳನ್ನು ವಿಧಿಸಿತು. ಜನಪದರು ವರ್ಣನೆಯನ್ನು ಒಗಟಿನಲ್ಲಿ ಅಡಕಗೊಳಿಸಿದರು. ಒಗಟು ವಸ್ತುವಿನ ಹೆಸರನ್ನು ಮರೆಮಾಡಿ ಅದರ ಆಕಾರ, ಬಣ್ಣ, ಚಲನೆಗಳನ್ನಷ್ಟೇ ಹೇಳುತ್ತದೆ. ಶಾಲೆಗಳಲ್ಲಿ ರೂಢಿಯಲ್ಲಿರುವ ‘ಚಿತ್ರ ನೋಡಿ ವರ್ಣಿಸು’ ಎಂಬ ಅಭ್ಯಾಸದಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಹೆಸರು ಮೊದಲೇ ತಿಳಿದಿರುವುದರಿಂದ ಮಗು ನೋಡುವ ಮುನ್ನವೇ ಬರೆದುಬಿಡುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮಗುವಿನ ಮುಂದೆ ಮಲೆನಾಡಿನ ಚಿತ್ರವನ್ನಿಟ್ಟರೆ ‘ಹಸಿರ ಸಿರಿ’, ‘ಭೂಲೋಕದ ಸ್ವರ್ಗ’ ಮುಂತಾದ ಸಿದ್ಧಪದಗಳು ಬರುವ ಸಂಭವವೇ ಹೆಚ್ಚು. ಧ್ರುವಪ್ರದೇಶದ ಚಿತ್ರಕ್ಕೆ ಅಂತಹ ಸಿದ್ಧಪದಗಳು ಮಗುವಿನ ಬಳಿ ಇಲ್ಲ. ಆ ಚಿತ್ರದ ಬೋಧನಮೌಲ್ಯ ಇರುವುದು ಇಲ್ಲಿಯೇ.

ಕ್ಯಾಪ್ಟನ್ ಸ್ಕಾಟ್‌ನ ದಕ್ಷಿಣಧ್ರುವ ಯಾತ್ರೆಯ ಛಾಯಾಗ್ರಾಹಕ ಹರ್ಬರ್ಟ್ ಪಾಂಟಿಂಗ್ 1911ರ ಜನವರಿಯಲ್ಲಿ ತೇಲುವ ಹಿಮಗುಡ್ಡವೊಂದರ ಗುಹೆಯೊಳಗಿಂದ ತೆಗೆದ ಚಿತ್ರವನ್ನು ಉದಾಹರಣೆಯಾಗಿ ಗಮನಿಸಬಹುದು. ಗುಹೆಯ ಬಾಯಲ್ಲಿ ಇಬ್ಬರು ನಿಂತಿದ್ದಾರೆ. ಅವರಾಚೆ ದೂರದಲ್ಲಿ ‘ಟೆರಾ ನೋವಾ’ ಹಡಗು ಪುಟ್ಟದಾಗಿ ಕಾಣುತ್ತದೆ. ಮೊದಲು ಹತ್ತಿರದ್ದು, ನಡುವಿನದು, ದೂರದ್ದು ಎಂದು ವಿಂಗಡಿಸಿ ಬರೆಯಿಸಬೇಕು. ಮನುಷ್ಯಾಕೃತಿಗಳಿಂದ ಗುಹೆಯ ಗಾತ್ರ ತಿಳಿಯುವುದು ಆಗ ಮಗುವಿಗೆ ಹೊಳೆಯುತ್ತದೆ. ಎರಡನೆಯದು ಹೋಲಿಕೆಯ ಹಂತ. ಸುಣ್ಣ, ಉಪ್ಪು, ಹತ್ತಿ, ಅಕ್ಕಿಹಿಟ್ಟು ಎಲ್ಲವೂ ಬಿಳಿಯವೇ. ಆದರೆ ಉಪ್ಪು ಮಿನುಗುತ್ತದೆ, ಹತ್ತಿ ಮಿನುಗದು. ಯಾವ ಬಿಳುಪು ಎಂಬುದನ್ನು ಮಗುವೇ ನಿರ್ಧರಿಸಬೇಕು. ಬಯಲಿನ ವಿಸ್ತಾರಕ್ಕೆ ನರಸಿಂಹರಾಜಪುರದ ಮಗುವಿಗೆ ಭದ್ರಾ ಜಲಾಶಯದ ಹಿನ್ನೀರು ಹೋಲಿಕೆಯಾಗಿ ಒದಗೀತು; ಗುಡ್ಡ ತೋಟಗಳ ನಡುವೆ ಬೆಳೆದ ಶೃಂಗೇರಿ, ಕೊಪ್ಪಗಳ ಮಗು ಬೇರೆ ಹೋಲಿಕೆಯನ್ನು ಹುಡುಕಬೇಕಾದೀತು. ಕೊನೆಯದು, ಚಿತ್ರದಲ್ಲಿ ಕಾಣದ ಚಳಿ, ಗಾಳಿ, ಸದ್ದುಗಳನ್ನು ಊಹಿಸಿ ಬರೆಯುವ ಹಂತ. ಇಲ್ಲಿ ಕಲ್ಪನೆಗೂ ಮಿತಿಯುಂಟು: ಬಿಳಿಕರಡಿ ಉತ್ತರಧ್ರುವ ಪ್ರದೇಶದ್ದು, ದಕ್ಷಿಣದ ಚಿತ್ರದಲ್ಲಿ ಅದಕ್ಕೆ ಎಡೆಯಿಲ್ಲ.

ಪದಗಳ ವಿಚಾರವೂ ಮುಖ್ಯವಾದುದು. ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಪದ ಗಾಳಿಯಲ್ಲಿ ತೇಲುವುದಕ್ಕೂ ನೆಲದ ಮೇಲೆ ಹೆಪ್ಪುಗಟ್ಟುವುದಕ್ಕೂ ಸಲ್ಲುತ್ತದೆ. ಆದ್ದರಿಂದ ಇಬ್ಬನಿ, ಮಂಜು, ಆಲಿಕಲ್ಲು, ಹಿಮಗಳ ಭೇದವನ್ನು ಮಗು ಅರಿಯಬೇಕಾಗುತ್ತದೆ. ಎಸ್ಕಿಮೋ ಭಾಷೆಯಲ್ಲಿ ನೆಲದ ಹಿಮ, ಬೀಳುವ ಹಿಮ ಮುಂತಾದವಕ್ಕೆ ಬೇರೆಬೇರೆ ಪದಗಳಿರುವುದನ್ನು ಮಾನವಶಾಸ್ತ್ರಜ್ಞ ಫ್ರಾನ್ಸ್ ಬೋವಾಸ್ 1911ರಲ್ಲಿ ತೋರಿಸಿದರು. ಅವರು ಕೊಟ್ಟ ಉದಾಹರಣೆಗಳು ನಾಲ್ಕೇ. ಜನಪ್ರಿಯ ಬರಹಗಳು ಅದನ್ನು ನೂರಾರಕ್ಕೆ ಏರಿಸಿದವು. ಸಂಖ್ಯೆಗಿಂತ ತತ್ತ್ವ ಗಮನಾರ್ಹ: ಬದುಕಿಗೆ ಬೇಕಾದ ಭೇದಗಳನ್ನು ಭಾಷೆ ಹೆಸರಿಸುತ್ತದೆ. ಮಲೆನಾಡಿಗರು ಮಳೆಯನ್ನು ಸೋನೆ, ಜಡಿ ಎಂದೂ ಆರಿದ್ರೆ, ಪುನರ್ವಸು ಎಂದು ನಕ್ಷತ್ರಗಳಿಂದಲೂ ಗುರುತಿಸಿದರು. ನೆಲವನ್ನು ಕಾನು, ಹಾಡ್ಯ, ಬ್ಯಾಣ, ಹಕ್ಕಲು ಎಂದು ವಿಂಗಡಿಸಿದರು.

ಹಿಮದ ಪಾಠ ಮುಗಿಯಬೇಕಾದುದು ಈ ಪದಗಳಲ್ಲಿ. ಅಂಟಾರ್ಕ್ಟಿಕದಲ್ಲಿರುವ ಭಾರತದ ‘ಮೈತ್ರಿ’ ಕೇಂದ್ರದಲ್ಲಿ ವರ್ಷಕ್ಕೆ ಸುಮಾರು ಎರಡು ತಿಂಗಳು ಸೂರ್ಯ ಮೂಡುವುದಿಲ್ಲ. ಅಲ್ಲಿರುವವರಿಗೆ ಆಷಾಢದ ಒಂದು ದಿನವನ್ನು ವರ್ಣಿಸಿ ಬರೆಯುವಂತೆ ಮಗುವಿಗೆ ಹೇಳಿದರೆ ಸಿದ್ಧಪದಗಳು ಸಾಲುವುದಿಲ್ಲ. ಕಂಬಳಿಕೊಪ್ಪೆ, ಗೊರಬುಗಳು ಬಳಕೆಯಿಂದ ಸರಿದಂತೆ ಅವುಗಳ ಹೆಸರೂ ಸರಿಯುತ್ತಿವೆ. ಅವನ್ನು ಕಾಣದವರಿಗೆ ಹೇಳಬೇಕಾದಾಗ ಮಗು ಹಿರಿಯರನ್ನು ಕೇಳುತ್ತದೆ. ಹಾಗೆ ಕೇಳಿದಷ್ಟು ಕಾಲ ಆ ಪದಗಳು ಉಳಿಯುತ್ತವೆ.